ಗಿರಣಿಯವರು ಕೋಟೆ ನೋಡಿದ್ದು

"ಕಾಲ್ ನೋಡ್ಕೊಂಡ್ ಇಡೇ! ಕಲ್ಲು ಜಾರತ್ತೆ!"

ಅತ್ತೆಯ ಕೂಗಿಗೆ ಕೋಟೆ ಬಾಗಿಲಲ್ಲಿ ಮಲಗಿದ್ದ ನಾಯಿ ಎದ್ದು, ತಾನೇನು ತಪ್ಪು ಮಾಡಿದೆನೋ ಎಂದು ಸುತ್ತ ನೋಡಿತು. ಮುಂದೆ ಹೋಗುತ್ತಿದ್ದ ಪ್ರವಾಸಿಗರೂ ತಿರುಗಿದರು. ಸೊಸೆ ತಲೆ ತಗ್ಗಿಸಿದಳು.

ಅತ್ತೆ ಮಾವ ಹಿಟ್ಟಿನ ಗಿರಣಿಯವರು. ಹಗಲೆಲ್ಲ ಮಿಷನ್ನಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವರ ಗಂಟಲು ಆ ಎತ್ತರದಲ್ಲೇ ನಿಂತುಬಿಟ್ಟಿತ್ತು. ಅವರ ಮನೆಯ ಸಾರಿಗೆ ಉಪ್ಪು ಹೆಚ್ಚಾದರೆ ಆಚೆ ಬೀದಿಯವರು ನೀರು ಕುಡಿಯುತ್ತಿದ್ದರು. ಸೊಸೆ ಬಂದದ್ದು ದರ್ಜಿಯ ಮನೆಯಿಂದ. ಅಲ್ಲಿ ಸೂಜಿ ಬಿದ್ದರೂ ಕೇಳಿಸುತ್ತಿತ್ತು. "ಸ್ನಾನಕ್ಕೆ ನೀರು ಕಾದಿದೆ" ಎಂದು ಅತ್ತೆ ಕರೆದರೂ ಅವಳ ಎದೆ ಧಸಕ್ಕೆನ್ನುತ್ತಿತ್ತು. ಗಂಡನಿಗೆ ಹೇಳಿಕೊಂಡರೆ ಅವನು ಸಮಾಧಾನ ಮಾಡುತ್ತಿದ್ದದ್ದೂ ಕೂಗಿಯೇ. ಇವತ್ತು ಅವನು ಗಿರಣಿ ನೋಡಿಕೊಳ್ಳಲು ಉಳಿದಿದ್ದ. ಅವಳ ಹೆಗಲ ಚೀಲದಲ್ಲಿ ನಾಲ್ಕು ಜೊತೆ ಬಟ್ಟೆ ಇದ್ದವು. ಈ ಊರಿನಿಂದ ತವರಿಗೆ ನೇರ ಬಸ್ಸು. ಸಂಜೆ ಹತ್ತಿಬಿಟ್ಟರೆ ಮತ್ತೆ ಈ ಕಡೆ ಮುಖ ಹಾಕಬಾರದೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

ಆದರೂ ಕೋಟೆ ಕೋಟೆಯೇ. ಎತ್ತಿನ ಗಾತ್ರದ ಕಪ್ಪು ಕಲ್ಲುಗಳು, ಸಂದಿಯಲ್ಲಿ ಕೂದಲು ತೂರದಷ್ಟು ಬಿಗಿ. ಬುಡಕ್ಕೆ ಸಮುದ್ರ ಬಂದು ಗುದ್ದುತ್ತಿತ್ತು, ನೊರೆ ಕಾರಿ ಸೋಲುತ್ತಿತ್ತು, ನಾಚಿಕೆಯಿಲ್ಲದೆ ಮತ್ತೆ ಬರುತ್ತಿತ್ತು. ಇನ್ನೊಂದು ಪಕ್ಕ ಹಳೆಯ ಪೇಟೆಯ ಹೆಂಚಿನ ಮಾಡುಗಳು, ಗೋದಾಮುಗಳು, ಬಲೆ ಒಣಹಾಕಿದ ದಡ. ಸೊಸೆ ಚೀಲದ ಭಾರವನ್ನೇ ಮರೆತು ನಿಂತಳು.

"ಈ ಬುರುಜು ಎಷ್ಟು ಎತ್ತರ ಗೊತ್ತಾ?" ಎಂದ ಗೈಡು. "ಕಟ್ಟೋವಾಗ ಒಬ್ಬನ ಕೈಯಿಂದ ಸುತ್ತಿಗೆ ಜಾರ್ತು. ಅದು ಕೆಳಗೆ ಮುಟ್ಟೋ ಹೊತ್ತಿಗೆ ಅವನ ಮೊಮ್ಮಗ ಕೆಲಸಕ್ಕೆ ಸೇರಿದ್ದ!"

"ಪಾಪ, ಮೊಮ್ಮಗನ ತಲೆ ಮೇಲೆ ಬೀಳ್ಲಿಲ್ಲ ತಾನೇ?" ಮಾವ ಕೂಗಿದರು.

"ಎಲ್ಲಿ ಬೀಳತ್ತೆ ಯಜಮಾನ್ರೇ! ಹಿಡ್ಕೊಂಡು ಅದರಲ್ಲೇ ಕೆಲಸ ಶುರು ಮಾಡ್ದ."

ಬುರುಜಿನೊಳಗೆ ಒಂದು ಗುಂಡು ಕೋಣೆ. ಗೈಡು ಗೋಡೆ ತಟ್ಟಿದ. "ಇಲ್ಲಿ ಬಾಯಿಟ್ಟು ಪಿಸುಗುಟ್ಟಿದ್ರೆ, ಆ ಕಡೆ ಕಿವಿ ಇಟ್ಟೋರಿಗೆ ಕೇಳತ್ತೆ. ನಡುವೆ ನಿಂತೋರಿಗೆ ಏನೂ ಇಲ್ಲ. ಇದು ಸುಳ್ಳಲ್ಲ."

"ಹಾಗಾದ್ರೆ ಮಿಕ್ಕಿದ್ದು?" ಎಂದರು ಮಾವ.

ಅತ್ತೆ ಸೊಸೆಯನ್ನು ಎದುರು ಗೋಡೆಗೆ ಕಳಿಸಿ, ತಾನು ಈ ಕಡೆ ಬಾಯಿಟ್ಟಳು. "ಕೇಳ್ತಾ ಇದ್ಯೇನೇ?"

ಸೊಸೆ ಬೆಚ್ಚಿ ಹಿಂದೆ ಹಾರಿದಳು. ಗೈಡು ಎರಡೂ ಕಿವಿ ಮುಚ್ಚಿಕೊಂಡ. "ಅಮ್ಮಾ, ಪಿಸುಮಾತು! ಫಿರಂಗಿಗೂ ಬೀಳದೆ ಇರೋ ಕೋಟೆ, ನೀವು ಬೀಳಿಸ್ಬೇಡಿ!"

ಎಲ್ಲರೂ ನಕ್ಕರು. ಅತ್ತೆಯ ಮುಖ ಸಣ್ಣದಾಯಿತು. ಮತ್ತೆ ಗೋಡೆಗೆ ಮುಖ ಮಾಡಿದಳು. ಮೊದಲು ಬರೀ ಗಾಳಿ ಬಂತು. ಆಮೇಲೆ ಸೊಸೆ ಕಿವಿಯಿಟ್ಟ ಕಲ್ಲಿನೊಳಗಿಂದ ಒಂದು ದನಿ ಬಂತು. ಎಳೆಯದು, ಸ್ವಲ್ಪ ನಡುಗುತ್ತಿದ್ದದ್ದು, ಮಗ್ಗುಲಲ್ಲೇ ಕೂತು ಯಾರೋ ಮಾತಾಡಿದ ಹಾಗೆ.

"ಚೀಲ ನೋಡಿದೀನಿ ಕಣೇ. ಹೋಗ್ಲೇಬೇಕು ಅಂದ್ರೆ ನಾನೇ ಬಸ್ ಹತ್ತಿಸ್ತೀನಿ, ಕಿಟಕಿ ಪಕ್ಕ ಸೀಟ್ ಹಿಡ್ದು. ಆದ್ರೆ ಅತ್ತೆ ಬೈದ್ಲು ಅಂದ್ಕೊಂಡು ಹೋಗ್ಬೇಡ. ಒಂದು ದಿನಾನೂ ನಿನ್ನ ಬೈದಿಲ್ಲ ನಾನು. ನಂಗೆ ಬೇರೆ ದನಿ ಇಲ್ಲ, ಅಷ್ಟೇ."

ಸೊಸೆ ಕಿವಿ ತೆಗೆದು ಕಲ್ಲಿಗೆ ಬಾಯಿಟ್ಟಳು. ಏನೋ ಪಿಸುಗುಟ್ಟಿದಳು.

ಅತ್ತೆ ಬಲಗಿವಿ ಇಟ್ಟಳು. ಎಡಗಿವಿ ಇಟ್ಟಳು. ಬೆರಳಿಂದ ತಿಕ್ಕಿಕೊಂಡು ಮತ್ತೆ ಇಟ್ಟಳು. ಸಣ್ಣ ಸದ್ದುಗಳನ್ನೆಲ್ಲ ಗಿರಣಿ ಎಂದೋ ನುಂಗಿ ಹಾಕಿತ್ತು.

"ಏನಂದೆ? ಕೇಳ್ತಿಲ್ಲ! ಜೋರಾಗಿ ಹೇಳೇ!"

ಸೊಸೆ ಇನ್ನೊಂದು ಚೂರು ಎತ್ತರಿಸಿದಳು. ಊಹೂಂ. ಹಿಂದೆ ಸಾಲಿನಲ್ಲಿ ನಿಂತವರು ಕೆಮ್ಮಿದರು. ಅವಳು ಒಮ್ಮೆ ಎಲ್ಲರನ್ನೂ ನೋಡಿ, ಹೊಟ್ಟೆಯ ತಳದವರೆಗೆ ಉಸಿರೆಳೆದುಕೊಂಡಳು.

"ಹೋಗಲ್ಲ ಅಂದೆ, ಅತ್ತೇ!"

ಆ ಕೂಗು ಗುಂಡು ಗೋಡೆಯನ್ನು ಪೂರ್ತಿ ಸುತ್ತಿ, ಕಿಂಡಿಯಿಂದ ಹೊರಬಿದ್ದು, ಅಲೆಗಳ ಮೇಲೆ ಹೋಯಿತು. ದೂರದಲ್ಲಿ ಬಲೆ ಎಳೆಯುತ್ತಿದ್ದ ದೋಣಿಯವನೊಬ್ಬ ಕೆಲಸ ನಿಲ್ಲಿಸಿದ. ಕೋಟೆಯತ್ತ ನೋಡಿದ. ಯಾರಿಗೆಂದು ತಿಳಿಯದೆಯೂ ಕೈ ಎತ್ತಿದ.