ನಿಂಬೆಗಿಡದ ಹಿಂದಿನ ರಟ್ಟು

ಒಂದು ಹನಿ, ಕಂದು ಬಣ್ಣದ್ದು, ಚಿಟ್ಟೆಯ ಹೊಟ್ಟೆಯ ತುದಿಯಿಂದ ನಿಂಬೆ ಎಲೆಯ ಮೇಲೆ ಬಿತ್ತು, ಕ್ಯಾಮೆರಾದಲ್ಲಿ ಅದು ಎಷ್ಟು ದೊಡ್ಡದು, ಚಹಾ ಚೆಲ್ಲಿದ ಹಾಗೆ, ಕ್ಲಿಕ್ಕಿಸಲೇ — ಬೇಡ, ಆ ಗುಂಡಿ ಮುಟ್ಟಬೇಡ, ಮಾಡಿದ್ದು ಸಾಕು ಮಹಾರಾಯ್ತಿ, ಹನ್ನೊಂದು ಫೋಟೋ ತೆಗೆದೆಯಲ್ಲ, ಅದರ ಬಲರೆಕ್ಕೆ ಹಸಿಹಸಿಯಾಗಿ ರಟ್ಟಿಗೆ ಅಂಟಿಕೊಂಡು ಮಡಚಿಹೋಗುತ್ತಿದ್ದಾಗ ನೀನು ಉಸಿರು ಬಿಗಿಹಿಡಿದು ಬೆಳಕು ನೋಡುತ್ತಿದ್ದೆ, ಆಹಾ ಎಂಥ ಕಪ್ಪು, ಎಂಥ ಹಳದಿ ಚುಕ್ಕೆ ಅಂತ. ಬಂತೇನೇ, ಅತ್ತೆ ಒಳಗಿನಿಂದ ಕೂಗುತ್ತಾರೆ, ಬಂತು ಅತ್ತೆ, ಹಾರ್ತಾ, ಇಲ್ಲ ಇನ್ನೂ ಒಣಗ್ಬೇಕು. ಸುಳ್ಳು ಎಷ್ಟು ಸಲೀಸಾಗಿ ಬರುತ್ತದೆ ನನ್ನ ಬಾಯಿಗೆ, ನಾಳೆ ಕೊಡ್ತೀನಿ, ಗುಂಡಿ ಒಂದು ಹಾಕೋದಿದೆ ಅಷ್ಟೇ ಅಂತ ಗಿರಾಕಿಗಳಿಗೆ ಹೇಳಿ ಹೇಳಿ ಪಳಗಿದ ಬಾಯಿ. ಒಣಗಿ ಆಯಿತು. ಅದೇ ತಾನೇ ಕಷ್ಟ.

ಆ ರಟ್ಟು ಇಡದಿದ್ದರೆ ಏನು ಗಂಟು ಹೋಗುತ್ತಿತ್ತು, ಹಿಂದೆ ಹಗ್ಗದ ಮೇಲೆ ಯಜಮಾನರ ಬನಿಯನ್ನು ನೇತಾಡುತ್ತಿತ್ತು, ತೂತು ಬಿದ್ದದ್ದು, ಅಷ್ಟು ಚೆಂದದ ಚಿಟ್ಟೆಯ ಹಿಂದೆ ಆ ಬನಿಯನ್ನೇ ಅಂತ ನನಗೆ ಮೈಯೆಲ್ಲ ಉರಿದು, ಹಳೆ ಕ್ಯಾಲೆಂಡರಿನ ರಟ್ಟಿಗೆ ಕರೀ ಲೈನಿಂಗ್ ಬಟ್ಟೆ ಹೊಲಿದು ಕ್ಲಿಪ್ಪು ಹಾಕಿ ನಿಲ್ಲಿಸಿದೆ, ಗೂಡಿಗೂ ರಟ್ಟಿಗೂ ಒಂದು ಬೆರಳು ಜಾಗ. ಬನಿಯನ್ನು ತೆಗೆದಿಡಬಹುದಿತ್ತಲ್ಲ! ಕೈ ಚಾಚಿದರೆ ಸಿಗುವ ಬನಿಯನ್ನು! ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು. ಅತ್ತೆ ನಿನ್ನೆಯೇ ಅಂದರು, ಅದರ ಮುಂದೆ ಹಿಂದೆ ಏನೂ ಇಡ್ಬೇಡ ಕಣೇ, ಬಸುರಿ ಇದ್ದ ಹಾಗೆ ಅದು, ಒಂದಿಷ್ಟು ಗಾಳಿ ಬೇಕು. ಎರಡು ವಾರದ ಹಿಂದೆ ಇದೇ ಅತ್ತೆ, ಈ ದರಿದ್ರ ಹುಳ ನನ್ನ ಗಿಡಾನ ಬೋಳು ಮಾಡ್ತಾವೆ, ಕಿತ್ತು ಬಿಸಾಕು ಅಂತ ರಂಪ ಮಾಡಿದ್ದರು, ಕ್ಯಾಮೆರಾದ ಪರದೆ ಹಿಗ್ಗಿಸಿ ತೋರಿಸಿದೆ, ಹಕ್ಕಿಯ ಹಿಕ್ಕೆಯ ಹಾಗಿದ್ದ ಹುಳ ಪೊರೆ ಬಿಟ್ಟು ಹಸಿರಾದದ್ದು, ಅಯ್ಯೋ ಇದರ ಮುಖ ನೋಡೇ, ಹಾಲು ಕುಡಿದ ಮಗು, ಅಂದರು. ಆಮೇಲೆ ಗಿಡದ ಪಕ್ಕವೇ ಕುರ್ಚಿ. ಒಂಬತ್ತಿದ್ದವು, ಹಕ್ಕಿಗಳು ಎಂಟನ್ನು ಎತ್ತಿಕೊಂಡು ಹೋದವು, ಕೋಲು ಹಿಡಿದು ಕೂತು ಉಳಿಸಿದ್ದು ಇದೊಂದನ್ನೇ, ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ ದಿನಕ್ಕೊಂದು ಗೀಟು. ಮದುವೆಯಾಗಿ ಹದಿನೆಂಟು ವರ್ಷ, ನಾವಿಬ್ಬರೂ ಜಗಳವಾಡದೆ ಒಟ್ಟಿಗೆ ಕೂತದ್ದು ಈ ಹುಳದ ಮುಂದೆಯೇ.

ಇವತ್ತು ಬೆಳಿಗ್ಗೆ ಬ್ಯಾಂಕಿನ ಕಾವಲುಗಾರ ಬಂದ, ಪ್ಯಾಂಟಿನ ಸೊಂಟ ಬಿಗಿ ಆಗ್ತಿದೆ ಅಕ್ಕಾ, ಪ್ಯಾಂಟಿಗೇನ್ ಹೇಳ್ತೀಯಪ್ಪ, ನಿನ್ನ ಹೊಟ್ಟೆಗೆ ಹೇಳು, ಇಬ್ಬರೂ ನಕ್ಕೆವು, ನಾನು ಟೇಪು ಹಿಡಿದು ನಗುತ್ತಿದ್ದಾಗಲೇ ಇದು ಗೂಡು ಒಡೆದು ಹೊರಗೆ ಬಂದು, ಕಡ್ಡಿಗೆ ಜೋತು, ಜಾಗ ಹುಡುಕಿರಬೇಕು, ಒಂದು ಬೆರಳು ಜಾಗದಲ್ಲಿ. ನಾನು ಬಂದಾಗ ರೆಕ್ಕೆ ಇನ್ನೂ ಹಸಿ, ರಟ್ಟು ಸರಿಸುವುದು ಬಿಟ್ಟು ಕ್ಯಾಮೆರಾ ಎತ್ತಿದೆ. ಮೈಯೊಳಗಿನ ನೀರು ರೆಕ್ಕೆಗೆ ತುಂಬುವುದು ಒಂದೇ ಸಲ, ಅರ್ಧ ಗಂಟೆ, ಆಮೇಲೆ ಹೇಗಿದೆಯೋ ಹಾಗೇ ಗಟ್ಟಿ, ಇದು ನನಗೆ ಗೊತ್ತಿತ್ತು, ಅತ್ತೆಗೆ ಪಾಠ ಹೇಳಿದವಳೇ ನಾನು. ಎಂಥೆಂಥ ಸುಕ್ಕು ಬಿಡಿಸಿದ್ದೇನೆ, ರೇಷ್ಮೆಯ ಸುಕ್ಕು, ಟ್ರಂಕಿನಲ್ಲಿ ಹತ್ತು ವರ್ಷ ಬಿದ್ದ ಕೋಟಿನ ಸುಕ್ಕು, ನೀರು ಚಿಮುಕಿಸಿ ಬಟ್ಟೆ ಹಾಸಿ ಇಸ್ತ್ರಿ ಎಳೆದರೆ ಮುಗಿಯಿತು — ಬೆರಳ ತುದಿಯಿಂದ ಸ್ವಲ್ಪವೇ ಸ್ವಲ್ಪ ಬಿಡಿಸಲು ನೋಡಿದೆ, ಹಳದಿ ಪುಡಿ ಉಗುರಿಗೆ ಬಂತು, ಕೈ ಹಿಂದೆಗೆದೆ. ಏನು ಮಾಡಲಿ, ಯಾರನ್ನು ಕೇಳಲಿ.

ಚಪ್ಪಲಿಯ ಸದ್ದು, ಗೋಡೆ ಹಿಡಿದುಕೊಂಡು ಅತ್ತೆ ಬರುತ್ತಿದ್ದಾರೆ, ಸರಿಯೇ ಆಚೆ, ನಿನ್ನ ಡಬ್ಬಿ ಸಾಕು, ನಾನು ಕಣ್ಣಾರೆ ನೋಡ್ತೀನಿ. ಅತ್ತೆ, ಅದು — ಅಂದೆ. ಬಗ್ಗಿ ನೋಡಿದರು, ಕನ್ನಡಕ ಹಾಕಿಲ್ಲ, ಅವರಿಗೆ ಕಂಡದ್ದು ಬಣ್ಣ ಮಾತ್ರ, ಅಮ್ಮಾ, ಎಷ್ಟು ಚೆಂದ ಇದೀಯೇ, ಅನ್ನುತ್ತಾ ಬೆರಳು ಚಾಚಿದರು, ಅದು ಹತ್ತಿತು. ಹತ್ತಿಬಿಟ್ಟಿತು. ಅತ್ತೆ ಬೆರಳನ್ನು ಬಿಸಿಲಿಗೆ ಹಿಡಿದರು, ಹೂಂ, ಹೋಗು, ಎಡರೆಕ್ಕೆ ತೆರೆಯಿತು, ಪೂರ್ತಿ, ಹೊಸ ಬಟ್ಟೆಯ ಹಾಗೆ, ಬಲಗಡೆ ಬರೀ ಮುದುಡಿದ ಗಂಟು ನಡುಗಿತು. ನೀನ್ಯಾಕೆ ಅಳ್ತಿದೀಯೇ, ಹೆಣ್ಣು ಒಪ್ಪಿಸೋ ಹಾಗೆ, ಹೋದ್ರೆ ಇನ್ನೊಂದು ಬರುತ್ತೆ ಬಿಡು. ಕುರ್ಚಿಯಲ್ಲಿ ಕೂತರು, ಬೆರಳು ಅಲುಗಿಸದೆ. ಅವಸರ ಮಾಡಿಸ್ಬೇಡ ಅದನ್ನ, ಒಣಗ್ಲಿ, ಹಾರೋ ತನಕ ನಾನಿಲ್ಲೇ ಕೂತಿರ್ತೀನಿ. ಎಡಗಡೆಯದು ತೆರೆಯುತ್ತದೆ, ಬಲಗಡೆಯದು ನಡುಗುತ್ತದೆ, ಎಡಗಡೆಯದು ಮುಚ್ಚುತ್ತದೆ, ಅತ್ತೆಯ ಬೆರಳು ಬಿಸಿಲಲ್ಲಿ ಹಾಗೇ ಇದೆ, ಎಡಗಡೆಯದು ತೆರೆಯುತ್ತದೆ, ಬಲಗಡೆಯದು