ಸಂತೆ ಬೀದಿಯ ಸುಂಕ

ತೊಂಬತ್ತಾರರ ಬೇಸಿಗೆಯಲ್ಲಿ ನಮ್ಮ ಶಿಕಾರಿಪುರದ ಪೇಟೆ ಬೀದಿಯ ಬಾಯಲ್ಲಿ ಒಂದು ಬೋರ್ಡು ಬಿತ್ತು. ಸಂತೆ ದಿನ ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡರವರೆಗೆ ಸರಕಿನ ಲಾರಿ ಒಳಗೆ ತಂದರೆ ಇಪ್ಪತ್ತು ರೂಪಾಯಿ ಸುಂಕ. ಲಾರಿಗೆ ಮಾತ್ರ ಎಂದು ದಪ್ಪಕ್ಷರದಲ್ಲೇ ಬರೆದಿತ್ತು. ನಮ್ಮ ಜವಳಿ ಅಂಗಡಿಯಿಂದ ಅಲ್ಲಿಗೆ ನೂರು ಹೆಜ್ಜೆಯೂ ಇಲ್ಲ. ಆದರೂ ನಮ್ಮ ಯಜಮಾನರು ಮಲ್ಲೇಶಪ್ಪನವರು ಅದನ್ನು ಓದಲು ಹೋಗಲಿಲ್ಲ. ಟೀ ಅಂಗಡಿಯಲ್ಲಿ ಎಲ್ಲವನ್ನೂ ಕೇಳಿಕೊಂಡು ಬಂದಿದ್ದರಲ್ಲ.

“ಇವತ್ತು ಲಾರಿ, ನಾಳೆ ಟ್ರ್ಯಾಕ್ಟರ್, ನಾಡಿದ್ದು ಸೈಕಲ್. ಇದು ಪೇಟೆ ಮುಚ್ಸೋ ಹುನ್ನಾರ ಕಣೆ.”

“ರೀ, ಒಂದ್ಸಲ ಹೋಗಿ ಓದ್ಕೊಂಡಾದ್ರೂ ಬನ್ರಿ.”

“ಬರೆದಿದ್ದೆಲ್ಲ ನಿಜ ಆಗ್ತದಾ? ನಿಂಗೆ ವ್ಯಾಪಾರ ತಿಳಿಯಲ್ಲ ನೀಲಾ.”

ಇಪ್ಪತ್ತೆರಡು ವರ್ಷ ಇವರ ಪಕ್ಕದಲ್ಲೇ ಕೂತು ಸೀರೆ ಮಡಚಿದ ನೀಲಾಂಬಿಕೆಗೆ ವ್ಯಾಪಾರ ತಿಳಿಯುವುದಿಲ್ಲವಂತೆ. ಲಾರಿಯಲ್ಲಿ ಬಂದು ಸೀರೆ ಕೊಂಡವರನ್ನು ನಾನಂತೂ ಕಂಡಿಲ್ಲ. ಲಾರಿ ಅಡ್ಡ ನಿಂತಾಗ ಹೆಂಗಸರು ನಮ್ಮ ಮೆಟ್ಟಿಲು ಹತ್ತಲು ಪಡುವ ಪಾಡನ್ನು ಮಾತ್ರ ವಾರ ವಾರವೂ ನೋಡಿದ್ದೇನೆ.

ಆ ವರ್ಷ ನಾವು ನೆಚ್ಚಿಕೊಂಡಿದ್ದು ಈಸೂರಿನ ಆನಂದಪ್ಪನವರ ಮಗಳ ಮದುವೆಯನ್ನು. ಅವರ ಮನೆಯ ಲಗ್ನದ ಜವಳಿ ಮೂರು ತಲೆಮಾರಿನಿಂದ ನಮ್ಮಲ್ಲೇ. ಟ್ರ್ಯಾಕ್ಟರ್ ತುಂಬ ನೆಂಟರು ಬಂದು, ಚಾಪೆಯ ಮೇಲೆ ಕೂತು, ದಿನವಿಡೀ ಆರಿಸಿ, ಇಡೀ ಬಳಗಕ್ಕೆ ಬಟ್ಟೆ ಒಯ್ಯುತ್ತಾರೆ. ಅವರಿಗೆಂದೇ ಇಳಕಲ್ ಸೀರೆ ತರಿಸಿಟ್ಟಿದ್ದೆವು. ಆ ಜವಳಿ ತಪ್ಪಿದರೆ ಮಳೆಗಾಲ ಕಳೆಯುವುದೇ ಕಷ್ಟವಿತ್ತು.

ಇವರೋ ಅಂಗಡಿಯನ್ನು ನನ್ನ ಮೇಲೆ ಬಿಟ್ಟು, ಸುಂಕ ತೆಗೆಸುವ ಅರ್ಜಿಗೆ ಸಹಿ ಹಾಕಿಸಲು ಹೊರಟರು. ಲಾರಿಗೆ ಮಾತ್ರ ಎಂದರೆ ಯಾವ ಹಳ್ಳಿಯವನು ಸಹಿ ಹಾಕುತ್ತಾನೆ? ಅಷ್ಟು ಬುದ್ಧಿ ಇವರಿಗಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಸಿಕ್ಕವರನ್ನು ಹಿಡಿದು, ಟ್ರ್ಯಾಕ್ಟರಿಗೆ ಐವತ್ತು, ಎತ್ತಿನ ಗಾಡಿಗೆ ಹತ್ತು, ಕೊಡದಿದ್ದರೆ ಜಪ್ತಿ ಎಂದರು. ಹೇಳುತ್ತ ಹೇಳುತ್ತ ಅರ್ಧ ತಾವೇ ನಂಬಿಬಿಟ್ಟರು.

ಮೂರು ಸಂತೆ ಕಳೆದವು. ಈಸೂರಿನ ಕಡೆಯ ಒಂದು ಟ್ರ್ಯಾಕ್ಟರೂ ನಮ್ಮ ಬೀದಿಗೆ ಬರಲಿಲ್ಲ.

“ನೋಡು, ನಾ ಹೇಳ್ಲಿಲ್ವಾ? ಸುಂಕದಿಂದ ವ್ಯಾಪಾರ ಮುಳುಗ್ತು.”

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು.

ನಾಲ್ಕನೆಯ ಸಂತೆಗೆ ಆನಂದಪ್ಪ ಬಂದರು. ಒಬ್ಬರೇ, ಬೆವರು ಒರೆಸಿಕೊಳ್ಳುತ್ತ, ನಡೆದುಕೊಂಡು. ಟ್ರ್ಯಾಕ್ಟರನ್ನು ಊರಾಚೆಯೇ ನಿಲ್ಲಿಸಿದ್ದರಂತೆ. ಕೈಯಲ್ಲಿ ಲಗ್ನಪತ್ರಿಕೆ ಇತ್ತು.

“ಜವಳಿ ಶಿರಾಳಕೊಪ್ಪದಾಗೆ ತಗಂಡ್ವಿ ಸಾವ್ಕಾರ್ರೆ, ತಪ್ಪು ತಿಳೀಬ್ಯಾಡ್ರಿ. ಟ್ರ್ಯಾಕ್ಟರ್ ಜಪ್ತಿ ಮಾಡ್ತಾರೆ ಅಂದ್ಮೇಲೆ ಹೆಣ್ಮಕ್ಕಳನ್ನ ಕಟ್ಕೊಂಡು ಹೆಂಗ್ ಬರೋದು?”

“ಹಂಗೇನಿಲ್ಲ ಆನಂದಪ್ಪಾರೆ, ಅದು ಲಾರಿಗೆ ಮಾತ್ರ.” ಇವರ ಬಾಯಿಂದ ಕೊನೆಗೂ ಆ ಮಾತು ಬಿತ್ತು. “ಯಾರ್ರೀ ನಿಮಗೆ ಹಂಗಂದಿದ್ದು?”

ಆನಂದಪ್ಪ ಇವರ ಮುಖವನ್ನೇ ನೋಡಿದರು.

“ನೀವೇ ಅಲ್ವೇನ್ರಿ, ಬಸ್‌ಸ್ಟ್ಯಾಂಡಿನಾಗೆ ನಮ್ಮ ತಮ್ಮ ಕೆಂಪಪ್ಪಗೆ ಹೇಳಿದ್ದು? ಬ್ಯಾರೆ ಯಾರ್ ಹೇಳಿದ್ರೂ ನಾವು ನಂಬ್ತಿರಲಿಲ್ಲ.”

ನಾಲ್ಕು ವಾರದಿಂದ ಬೈಯಲು ಕಾದಿದ್ದ ನನಗೆ ಆಗ ಬೈಯುವ ಮನಸ್ಸಾಗಲಿಲ್ಲ. ಸಂಕಟವಾಯಿತು. ಇವರು ತಲೆ ಎತ್ತಲಿಲ್ಲ. ಲಗ್ನಪತ್ರಿಕೆಯನ್ನು ನಾನೇ ಎರಡೂ ಕೈ ಚಾಚಿ ತೆಗೆದುಕೊಂಡೆ.