ಜವರಯ್ಯನ ಪಾಲಿನ ತೋಡು

ಕಾರೆಮಂಟಿಯ ಪಂಚಾಯಿತಿ ಅಧ್ಯಕ್ಷೆ ಅಣ್ಣಮ್ಮ ಡೈರಿಗೆ ಹಾಲು ಹಾಕಿ, ಖಾಲಿ ಕ್ಯಾನನ್ನು ಸೊಂಟಕ್ಕೆ ಆನಿಸಿಕೊಂಡು ಬರುತ್ತಿದ್ದಾಗ ಕಾರ್ಯದರ್ಶಿ ಜಯಕುಮಾರ್ ಎದುರಿಗೆ ಸೈಕಲ್ ನಿಲ್ಲಿಸಿದ. ಶೀಳನೆರೆಯಿಂದ ತುಳಿದುಕೊಂಡು ಬಂದವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

"ಕೆಟ್ವು ಕಣಮ್ಮೋರೆ. ಇವತ್ತು ವಿಧಾನಸೌಧದಿಂದ ಕಮಿಟಿ ಬತ್ತದಲ್ಲ, ಅವ್ರು ನಮ್ಮ ಕೂಲಿ ಪಟ್ಟಿ ತರಿಸ್ಕೊಂಡು ನೋಡವ್ರೆ. ಜವರಯ್ಯನ ಎಸ್ರು ಸಿಕ್ಕಾಕೊಂಡದೆ."

"ಸಿಕ್ಕಾಕೊಳಕ್ಕೆ ಅವನೇನು ಕಳ್ಳನಾ?"

"ಕಳ್ಳ ಅಲ್ಲ, ಸರಿ. ಸತ್ತು ಒಂಬತ್ತು ವರ್ಸ ಆಯ್ತಲ್ಲಮ್ಮ!"

ಅಣ್ಣಮ್ಮ ಕ್ಯಾನನ್ನು ಕೆಳಗಿಟ್ಟಳು. ಅವಳಿಗೆ ಈಗ ಹೊಳೆಯಿತು.

ಹಿಂದಿನ ಬೇಸಿಗೆ, ಅಂದರೆ ತೊಂಬತ್ತೈದರಲ್ಲಿ, ಊರ ಕೆರೆಗೆ ಮಂಟಿ ಅನ್ನುವ ದಿಬ್ಬದ ಮೇಲಿನ ನೀರು ತರುವ ಒಂದು ಮೈಲಿ ತೋಡಿನಲ್ಲಿ ಅರ್ಧದ ಹೂಳೆತ್ತಲು ಉದ್ಯೋಗ ಯೋಜನೆಯ ಹಣ ಬಂದಿತ್ತು. ಕಾರೆಮಂಟಿಯಲ್ಲಿ ಊರೊಟ್ಟಿನ ಕೆಲಸ ಎಂದರೆ ಮೊದಲಿನಿಂದಲೂ ಒಂದೇ ರೀತಿ. ಊರಲ್ಲಿ ಮೂವತ್ತೊಂದು ಒಕ್ಕಲು. ಹಗ್ಗ ಹಿಡಿದು ತೋಡನ್ನು ಮಾರುಗಳಲ್ಲಿ ಅಳೆದು, ಒಕ್ಕಲಿಗೊಂದು ಪಾಲು ಮಾಡಿ, ಪಾಲಿನ ಗಡಿಗೆ ಕಲ್ಲು ನೆಡುತ್ತಾರೆ. ಒಕ್ಕಲಿಂದ ಯಾರಾದರೂ ಬಂದು ಅಗೆಯಬಹುದು. ಗಂಡಸೋ, ಹೆಂಗಸೋ, ಬಂದಿದ್ದ ನೆಂಟನೋ, ಯಾರೂ ಕೇಳುವುದಿಲ್ಲ. ಪಾಲಿಗೆ ಮಾತ್ರ ಮನೆಯ ಹಿರಿಯನ ಹೆಸರು. ಹಿರಿಯ ತೀರಿಕೊಂಡರೂ ಮಕ್ಕಳು ಬೇರೆಯಾಗುವವರೆಗೆ ಆ ಹೆಸರೇ ನಡೆಯುತ್ತದೆ.

ಜಯಕುಮಾರ್ ಪಾಂಡವಪುರದ ಕಡೆಯವನು, ಆಗಿನ್ನೂ ಹೊಸಬ. ಕೂಲಿ ಪಟ್ಟಿ ಬರೆಯಲು ಕೂತವನು "ಯಾರ್ಯಾರು ಕೆಲ್ಸ ಮಾಡ್ತಾವ್ರೆ, ಎಸ್ರು ಏಳಿ" ಎಂದಾಗ ಅಣ್ಣಮ್ಮ ಊರ ಬಾಗಿಲಿಂದ ಶುರುಮಾಡಿ ಮೂವತ್ತೊಂದು ಒಕ್ಕಲನ್ನೂ ಬಾಯಿಪಾಠದಂತೆ ಹೇಳಿದ್ದಳು. ಹನ್ನೆರಡನೆಯದು ಜವರಯ್ಯನದು. ಬಟವಾಡೆಯ ದಿನ ಆ ಹೆಸರಿನ ಮುಂದೆ ಜವರಯ್ಯನ ಹೆಂಡತಿ ಕುಳ್ಳಮ್ಮ ಹೆಬ್ಬೆಟ್ಟು ಒತ್ತಿ ಕೂಲಿ ತೆಗೆದುಕೊಂಡಳು. ಮನೆ ಜವರಯ್ಯನದಾಗಿರುವಾಗ ಅದರಲ್ಲಿ ತಪ್ಪೇನಿದೆ ಎಂದು ಯಾರಿಗೂ ಅನಿಸಿರಲಿಲ್ಲ.

ಹತ್ತು ಗಂಟೆಗೆ ತಾಲ್ಲೂಕಿನ ಸಾಹೇಬರೊಬ್ಬರು ಜೀಪಿನಲ್ಲಿ ಮುಂಚಿತವಾಗಿ ಬಂದರು. ಪಂಚಾಯಿತಿ ಕಟ್ಟಡದ ಮುಂದೆ ಎಳೆದಿದ್ದ ಸುಣ್ಣದ ಗೆರೆಯನ್ನು ದಾಟಿ, ಅಣ್ಣಮ್ಮನನ್ನು ಪಕ್ಕಕ್ಕೆ ಕರೆದರು.

"ನೋಡಿಮ್ಮ, ಸತ್ತವರ ಹೆಸರಲ್ಲಿ ಕೂಲಿ ಬರೆದಿದ್ದಾರೆ ಅಂದ್ರೆ ಅಧ್ಯಕ್ಷಗಿರಿ ಹೋಗುತ್ತೆ, ಕೇಸೂ ಬೀಳುತ್ತೆ. ಸೆಕ್ರೆಟರಿ ಬರ್ಕೊಂಡ, ನಂಗೆ ಗೊತ್ತೇ ಇರಲಿಲ್ಲ ಅನ್ನಿ. ಮಿಕ್ಕಿದ್ದು ನಾನು ನೋಡ್ಕೋತೀನಿ."

"ಅವನ ಗತಿ?"

"ಅವನು ನೌಕರ. ಸಸ್ಪೆಂಡ್ ಆಗ್ತಾನೆ, ಯಾವತ್ತೋ ವಾಪಸ್ ಬರ್ತಾನೆ."

ಅಣ್ಣಮ್ಮ ಬಾಗಿಲಾಚೆ ನೋಡಿದಳು. ಜಯಕುಮಾರ್ ಒಂದೇ ಕುರ್ಚಿಯನ್ನು ಮೂರನೇ ಸಲ ಒರೆಸುತ್ತಿದ್ದ.

ಹನ್ನೊಂದೂವರೆಗೆ ಕಾರುಗಳು ಬಂದವು. ಪಂಚಾಯಿತಿಗಳಿಗೆ ಕೊಟ್ಟ ಹಣ ಏನಾಯಿತೆಂದು ನೋಡಲು ಶಾಸನಸಭೆ ಕಳಿಸಿದ್ದ ಸಮಿತಿ ಅದು. ಐದು ಜನ ಶಾಸಕರು, ಅವರ ಹಿಂದೆ ಇಪ್ಪತ್ತು ಜನ ಅಧಿಕಾರಿಗಳು. ಸಮಿತಿಯ ಮುಖ್ಯಸ್ಥರು ಉತ್ತರದ ಕಡೆಯ ಹಿರಿಯರು, ಬಿಳಿ ಪಂಚೆ, ಕೈಯಲ್ಲೊಂದು ಕೋಲು. ಕೂತವರೇ ಪಟ್ಟಿ ಬಿಚ್ಚಿದರು.

"ಜವರಯ್ಯ ಅನ್ನಾಂವ ಯಾರ್ರೀ ಇಲ್ಲಿ?"

ಸೇರಿದ್ದ ಊರವರ ಹಿಂದಿನಿಂದ ಕುಳ್ಳಮ್ಮ ಸೆರಗು ಸರಿಮಾಡಿಕೊಂಡು ಎದ್ದಳು. "ನಮ್ಮನೇವ್ರು ಸ್ವಾಮಿ."

"ಕರೀರಿ ಅವರನ್ನ."

"ಎಲ್ಲಿಂದ ಕರೀಲಿ ಬುದ್ಧಿ? ಓಗಿ ಒಂಬತ್ತು ವರ್ಸ ಆಯ್ತು."

ಯಾರೋ ಕಿಸಕ್ಕೆಂದರು. ಮುಖ್ಯಸ್ಥರ ಪಕ್ಕದಲ್ಲಿದ್ದ ಶಾಸಕರೊಬ್ಬರು ಜೋರಾಗಿಯೇ ನಕ್ಕರು. "ಭೇಷ್! ಈ ಊರಲ್ಲಿ ಸತ್ತೋರೂ ಹದಿನಾಲ್ಕು ದಿನ ಮಣ್ಣು ಹೊರ್ತಾರೆ. ಬರ್ಕೊಳ್ರಯ್ಯ, ಇದನ್ನು ಬರ್ಕೊಳ್ಳಿ." ತಾಲ್ಲೂಕಿನ ಸಾಹೇಬರು ಅಣ್ಣಮ್ಮನ ಕಡೆ ಕಣ್ಸನ್ನೆ ಮಾಡಿದರು.

ಅಣ್ಣಮ್ಮ ಎದ್ದು ನಿಂತಳು.

"ಆ ಎಸ್ರು ಬರ್ಸಿದ್ದು ನಾನು ಸ್ವಾಮಿ. ಈ ಉಡುಗ ನಾನೇಳಿದ್ದ ಬರ್ಕೊಂಡ, ಅಷ್ಟೇಯ. ಅಗೆದೋರು ಯಾರು ಅಂತ ಅವ್ನು ಕೇಳ್ದ. ನಾನು ಒಕ್ಲು ಯಾರ್ದು ಅಂತ ಏಳ್ದೆ. ತಪ್ಪೇನಿದ್ರೂ ನನ್ ಮೇಲೆ ಬರ್ಕಳಿ. ಆದ್ರೆ ಪಟ್ಟಿ ನೋಡುದ್ರಿ, ತೋಡ್ನೂ ಒಂದ್ಕಿತ ನೋಡ್ಬುಡಿ."

"ಒಂದು ಗಂಟೆಗೆ ಪೇಟೆಯ ಬಂಗಲೆಯಲ್ಲಿ ಊಟ ಇದೆ ಸಾರ್," ಎಂದರು ತಾಲ್ಲೂಕಿನ ಸಾಹೇಬರು.

"ಊಟ ಎಲ್ಲಿಗೂ ಓಡಿ ಹೋಗೂದಿಲ್ಲ," ಎಂದು ಮುಖ್ಯಸ್ಥರು ಕೋಲೂರಿ ಎದ್ದರು. "ನಡೀರಿ ತಾಯಿ."

ತೋಡಿನ ಏರಿಗೆ ಬಂದಾಗ ಅಣ್ಣಮ್ಮ ಜನರ ಕಡೆ ತಿರುಗಿ, "ನಿಮ್ನಿಮ್ಮ ಪಾಲ್ ಮೇಲೆ ನಿಂತ್ಕಳ್ರಪ್ಪ" ಎಂದಳು. ಅಷ್ಟೇ. ಮೂವತ್ತೊಂದು ಒಕ್ಕಲಿನವರೂ ತಮ್ಮ ಹೊಲಕ್ಕೆ ಹೋಗುವಂತೆ ಹೋದರು. ಯಾರೂ ಎಣಿಸಲಿಲ್ಲ, ಯಾರೂ ಅತ್ತಿತ್ತ ಹುಡುಕಲಿಲ್ಲ. ಅರ್ಧ ಮೈಲಿ ತೋಡಿನ ಉದ್ದಕ್ಕೂ ಒಕ್ಕಲಿಗೊಂದು ಕಲ್ಲಿನ ಪಕ್ಕ ನಿಂತುಬಿಟ್ಟರು. ಮುದುಕ ನರಸಯ್ಯ ಮಾತ್ರ ಪಕ್ಕದವನನ್ನು ಬಯ್ಯುತ್ತಿದ್ದ: "ಲೇ ನಿಂಗ, ನಿನ್ ಪಾಲು ಆವತ್ತೂ ಸೊಟ್ಟ, ಇವತ್ತೂ ಸೊಟ್ಟ ಕಣ್ಲಾ. ದೊಡ್ಡೋರ್ ಮುಂದೆ ಮಾನ ಕಳ್ದೆ."

"ನೀರು ಸೊಟ್ಟ ಅರಿಯಾಕಿಲ್ವಾ, ಸುಮ್ಕಿರಣ್ಣ," ಎಂದ ನಿಂಗಯ್ಯ.

ನಗುತ್ತಿದ್ದ ಶಾಸಕರು ಟೇಪು ತರಿಸಿದರು. ಎಂಟು ಪಾಲು ಅಳೆದರು. ಎಂಟಕ್ಕೂ ಒಂದು ಗೇಣಿನ ಮೇಲೆ ಹೆಚ್ಚುಕಮ್ಮಿ ಬರಲಿಲ್ಲ. ಹನ್ನೆರಡನೆಯ ಪಾಲಿನಲ್ಲಿ ಕುಳ್ಳಮ್ಮ ಮತ್ತು ಅವಳ ಸೊಸೆ ಯಶೋಧ ನಿಂತಿದ್ದರು.

"ನೋಡಿ, ಇದು ಗಿಡ್ಡ," ಎಂದರು ಶಾಸಕರು. "ಬೇರೆಯವರದ್ದು ಹದಿನಾಲ್ಕು ಮಾರು, ಇದು ಹತ್ತು. ಕೂಲಿ ಮಾತ್ರ ಸಮ!"

"ಇಳ್ದು ನೋಡಿ ಸ್ವಾಮಿ, ಬಂಡೆ ಐತೆ," ಎಂದಳು ಅಣ್ಣಮ್ಮ. "ಬಂಡೆ ಸಿಕ್ದೋರ್ಗೆ ನಾಕು ಮಾರು ಕಮ್ಮಿ ಮಾಡಿ ಮಿಕ್ದೋರು ಅಂಚ್ಕೋತೀವಿ."

ಮುಖ್ಯಸ್ಥರು ಕೋಲನ್ನು ಕಾರ್ಯದರ್ಶಿಯ ಕೈಗೆ ಕೊಟ್ಟು, ಅಧಿಕಾರಿಗಳು ಬೇಡ ಬೇಡವೆಂದರೂ ತೋಡಿಗೆ ಇಳಿದರು. ತಳದಲ್ಲಿ ಕರಿಬಂಡೆ. ಅದರ ಮೈತುಂಬ ಉಳಿಯ ಗುರುತು, ಒಂದರ ಪಕ್ಕ ಒಂದು. ಅವರು ಬಗ್ಗಿ ಅದರ ಮೇಲೆ ಬೆರಳಾಡಿಸಿದರು.

"ಇದನ್ನ ಯಾರು ಒಡದ್ರವ್ವ?"

ಯಶೋಧ ನೆಲ ನೋಡಿದಳು. ಅತ್ತೆ ಹೇಳಿದಳು: "ಇವ್ಳೇ ಸ್ವಾಮಿ. ಆರು ದಿನ. ನಾನು ಉಳಿ ಇಡ್ಕೊಂಡಿದ್ದೆ. ಸುತ್ತಿಗೇನ ಎರಡ್ಕಿತ ನನ್ ಕೈಗೇ ಬುಟ್ಳು."

"ನೀವು ಅಲ್ಲಾಡುಸ್ತಿದ್ರಿ ಕಣತ್ತೆ," ಎಂದಳು ಯಶೋಧ, ತಲೆ ಎತ್ತದೆಯೇ. ಶಾಸಕರು ಟೇಪು ಸುತ್ತಿಕೊಂಡರು. ಈಗ ಅವರು ನಗಲಿಲ್ಲ.

ಮುಖ್ಯಸ್ಥರು ಉಳಿದ ಪಾಲುಗಳನ್ನೂ ನಡೆದು ನೋಡಿದರು. ಮೂವತ್ತೊಂದನೆಯ ಕಲ್ಲು ಮುಟ್ಟಿದಾಗ ಒಂದೂವರೆ ಗಂಟೆಯಾಗಿತ್ತು. ಅಲ್ಲೇ ಹೊಂಗೆ ನೆರಳಿನಲ್ಲಿ ಕೂತು ಗುಮಾಸ್ತನನ್ನು ಕರೆದರು.

"ತಾಯಿ, ತಪ್ಪು ತಪ್ಪ. ಸತ್ತಾಂವನ ಹೆಸರಿಗೆ ಸರಕಾರದ ಕೂಲಿ ಬರೀಬಾರದು. ಇವತ್ತು ನಿಮ್ಮಂಥೋರು ಬರದ್ರಿ, ನಾಳೆ ಕಳ್ಳರು ಬರೀತಾರ. ಅದನ್ನ ನಾ ವರದಿಯೊಳಗ ಹಾಕಾಂವನ."

"ಬರ್ಕಳಿ ಸ್ವಾಮಿ," ಎಂದಳು ಅಣ್ಣಮ್ಮ.

"ಆದ್ರ ಮೂವತ್ತು ವರ್ಷ ಆತು, ನಾ ಇಂಥಾ ಲೆಕ್ಕ ನೋಡಾಕ ಹತ್ತಿ. ಹಾಳಿ ಮ್ಯಾಲೆ ಎಲ್ಲಾ ಸರಿ ಇರತಾವ, ನೆಲದ ಮ್ಯಾಲೆ ಏನೂ ಇರೂದಿಲ್ಲ. ನಿಮ್ಮೂರು ತಿರುವು ಮುರುವು ಆಗೇತಿ."

ಅವರು ಹೇಳುತ್ತಾ ಹೋದರು, ಗುಮಾಸ್ತ ಬರೆದ. ಕೆಲಸ ಪೂರ್ಣವಾಗಿದೆ, ಜವರಯ್ಯನ ಹೆಸರಿನಲ್ಲಿ ದುಡಿದವರು ಕುಳ್ಳಮ್ಮ ಮತ್ತು ಯಶೋಧ, ದುಡಿದವರ ಹೆಸರಿನಲ್ಲೇ ಹೊಸ ಪಟ್ಟಿ ಬರೆಯತಕ್ಕದ್ದು, ಅಧ್ಯಕ್ಷರಿಗೆ ಎಚ್ಚರಿಕೆ ಕೊಡಲಾಗಿದೆ, ಮುಂದಿನ ಕ್ರಮ ಬೇಡ, ತೋಡಿನ ಉಳಿದ ಅರ್ಧ ಮೈಲಿಗೆ ಹಣ ಬಿಡುಗಡೆ ಮಾಡತಕ್ಕದ್ದು.

"ಸಹಿ ಮಾಡ್ರಿ."

ಅಣ್ಣಮ್ಮ ಹಾಳೆ ತೆಗೆದುಕೊಂಡು ಅಕ್ಷರದ ಕೆಳಗೆ ಬೆರಳಿಟ್ಟು ಓದತೊಡಗಿದಳು. ಬಹಳ ಹೊತ್ತು ಹಿಡಿಯಿತು. ತಾಲ್ಲೂಕಿನ ಸಾಹೇಬರು ಗಡಿಯಾರ ನೋಡಿದರು. ಜಯಕುಮಾರ್ ಇನ್ನೂ ಕೋಲು ಹಿಡಿದುಕೊಂಡೇ ನಿಂತಿದ್ದ.

"ಒಂದು ಬುಟ್ಟೋಗದೆ ಸ್ವಾಮಿ."

"ಏನದು?"

"ಸೆಕ್ರೆಟ್ರಿದೇನೂ ತಪ್ಪಿಲ್ಲ ಅಂತ ಬರ್ದಿಲ್ಲ."

ಮುಖ್ಯಸ್ಥರು ಗುಮಾಸ್ತನ ಪೆನ್ನು ತಾವೇ ಇಸಿದುಕೊಂಡು, ಹಾಳೆಯನ್ನು ಮೊಣಕಾಲ ಮೇಲಿಟ್ಟು, ಆ ಸಾಲನ್ನು ಸೇರಿಸಿದರು.

ಅಣ್ಣಮ್ಮ ಅದನ್ನೂ ಓದಿ, ಸಹಿ ಮಾಡಿದಳು.